ಸೇಂಟ್ (ಪದದ ನಿಷ್ಪತ್ತಿ)

ಸೇಂಟ್ ಎಂಬುದು ಕ್ರೈಸ್ತ ಸಂಪ್ರದಾಯದಲ್ಲಿ ಪವಿತ್ರ ಜೀವನ ನಡೆಸಿದ ವ್ಯಕ್ತಿಗಳಿಗೆ ಸಲ್ಲುವ ಇಂಗ್ಲಿಷ್ ಪದವಾಗಿದೆ. ಇದರ ಮೂಲ ಲ್ಯಾಟಿನ್ ಭಾಷೆಯ 'ಸಾಂಕ್ಟುಸ್' ಎಂಬ ಪದ. ಕನ್ನಡದಲ್ಲಿ ಇದಕ್ಕೆ ಸಾಮಾನ್ಯವಾಗಿ 'ಸಂತ' ಎಂಬ ಪದವನ್ನು ಬಳಸಲಾಗುತ್ತದೆ. ಎರಡೂ ಪದಗಳ ಉಚ್ಚಾರಣೆ ಮತ್ತು ಅರ್ಥ ಬಹಳ ಹತ್ತಿರವಾಗಿರುವುದರಿಂದ ಒಂದು ಇನ್ನೊಂದರಿಂದ ಹುಟ್ಟಿದೆ ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿಯೂ ಸಾಮಾನ್ಯ ಓದುಗರಲ್ಲಿಯೂ ಪ್ರಚಲಿತವಾಗಿದೆ. ಭಾಷಾಶಾಸ್ತ್ರದ ಪ್ರಕಾರ ಈ ನಂಬಿಕೆ ಸರಿಯಲ್ಲ. 'ಸೇಂಟ್' ಲ್ಯಾಟಿನ್ನಿನ ಒಂದು ಧಾತುವಿನಿಂದಲೂ 'ಸಂತ' ಸಂಸ್ಕೃತದ ಬೇರೊಂದು ಧಾತುವಿನಿಂದಲೂ ಬಂದಿವೆ.

ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಸವನ ಬಾಗೇವಾಡಿಯನ್ನು ಒಳಗೊಂಡ ವಿಜಯಪುರ ಜಿಲ್ಲೆಯಲ್ಲಿ ಶರಣರು, ಸೂಫಿಗಳು, ಅನುಭಾವಿಗಳು ಎಂಬ ಹಲವು ಪರಂಪರೆಗಳು ಒಂದೇ ನೆಲದಲ್ಲಿ ಬೆಳೆದಿವೆ. ಇಂಗ್ಲಿಷ್ ಪುಸ್ತಕಗಳು ಇವರೆಲ್ಲರನ್ನೂ 'ಸೇಂಟ್' ಎಂಬ ಒಂದೇ ಪದದಿಂದ ಕರೆಯುತ್ತವೆ. ಆದುದರಿಂದ ಈ ಪದದ ಮೂಲಾರ್ಥವನ್ನು ತಿಳಿಯುವುದು ಕನ್ನಡದ ಓದುಗರಿಗೆ ಭಾಷೆಯ ದೃಷ್ಟಿಯಿಂದಲೂ ಇತಿಹಾಸದ ದೃಷ್ಟಿಯಿಂದಲೂ ಉಪಯುಕ್ತವಾಗಿದೆ.

ಲ್ಯಾಟಿನ್ ಮೂಲ

ಲ್ಯಾಟಿನ್ನಿನಲ್ಲಿ 'ಸಾಂಕೀರೆ' ಎಂಬುದು ಒಂದು ಕ್ರಿಯಾಪದ. ಧಾರ್ಮಿಕ ವಿಧಿಯ ಮೂಲಕ ಒಂದನ್ನು ಸ್ಥಿರಪಡಿಸು, ಮುರಿಯಲಾಗದಂತೆ ವಿಧಿಸು, ಕಟ್ಟಳೆ ಮಾಡು ಎಂದು ಇದರ ಅರ್ಥ. ಇದರ ಭೂತಕೃದಂತ ರೂಪವೇ 'ಸಾಂಕ್ಟುಸ್'. ಅಂದರೆ 'ವಿಧಿಯಿಂದ ಸ್ಥಿರಪಡಿಸಲ್ಪಟ್ಟದ್ದು', 'ಭಂಗಗೊಳಿಸಬಾರದ್ದು' ಎಂಬುದು ಅದರ ಅಕ್ಷರಾರ್ಥ. ಸಂಸ್ಕೃತದಲ್ಲಿ 'ಕೃ' ಧಾತುವಿನಿಂದ 'ಕೃತ', 'ಗಮ್' ಧಾತುವಿನಿಂದ 'ಗತ' ಎಂಬ ರೂಪಗಳು ಆಗುವಂತೆಯೇ ಲ್ಯಾಟಿನ್ನಿನಲ್ಲಿ ಈ ರೂಪ ಆಗಿದೆ. 'ಕೃತ', 'ಗತ'ಗಳ ಕೊನೆಯಲ್ಲಿರುವ 'ತ' ಪ್ರತ್ಯಯವೂ 'ಸಾಂಕ್ಟುಸ್' ಪದದೊಳಗಿನ 'ಟ' ಧ್ವನಿಯೂ ಇಂಡೋ-ಯುರೋಪಿಯನ್ ಮೂಲಭಾಷೆಯ ಒಂದೇ ಪ್ರತ್ಯಯದಿಂದ ಬಂದವು.

ಇದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಮುಖ್ಯ ಪದ 'ಸಾಕೆರ್'. ದೇವತೆಗೆ ಮೀಸಲಾದದ್ದು ಎಂದು ಇದರ ಅರ್ಥ. ಇಂಗ್ಲಿಷಿನ 'ಸೇಕ್ರೆಡ್' ಎಂಬ ಪದ ಇದರಿಂದ ಬಂದಿದೆ. ರೋಮನ್ನರು 'ಸಾಕೆರ್' ಮತ್ತು 'ಸಾಂಕ್ಟುಸ್' ಪದಗಳ ನಡುವೆ ಸೂಕ್ಷ್ಮವಾದ ವ್ಯತ್ಯಾಸವನ್ನು ಕಾಣುತ್ತಿದ್ದರು. ದೇವತೆಗೆ ಅರ್ಪಿತವಾದ ಗುಡಿ, ಬಲಿಪೀಠ ಮುಂತಾದವು ಮೊದಲನೆಯ ವರ್ಗಕ್ಕೆ ಸೇರುತ್ತಿದ್ದವು. ದೇವತೆಯ ಸೊತ್ತಲ್ಲದಿದ್ದರೂ ಯಾರೂ ಕೈಮಾಡಬಾರದೆಂದು ವಿಧಿಸಲಾದ ವಸ್ತುಗಳು ಎರಡನೆಯ ವರ್ಗಕ್ಕೆ ಸೇರುತ್ತಿದ್ದವು.

ಕ್ರಿ.ಶ. 2ನೆಯ ಶತಮಾನದ ರೋಮನ್ ನ್ಯಾಯಶಾಸ್ತ್ರಜ್ಞ ಗಾಯುಸ್ ತನ್ನ ಪಠ್ಯಗ್ರಂಥದಲ್ಲಿ ನಗರದ ಕೋಟೆಗೋಡೆ ಮತ್ತು ಹೆಬ್ಬಾಗಿಲುಗಳನ್ನು ಈ ಎರಡನೆಯ ವರ್ಗಕ್ಕೆ ಉದಾಹರಣೆಯಾಗಿ ಕೊಡುತ್ತಾನೆ. ರೋಮ್ ನಗರದ ಸ್ಥಾಪನೆಯ ಐತಿಹ್ಯದಲ್ಲಿ, ಅಣ್ಣತಮ್ಮಂದಿರಾದ ರೊಮುಲುಸ್ ಮತ್ತು ರೆಮುಸ್ ಅವರಲ್ಲಿ ರೆಮುಸ್ ಹೊಸ ಗೋಡೆಯನ್ನು ಹಾರಿ ದಾಟಿದ ಕಾರಣಕ್ಕೆ ಹತನಾದನೆಂಬ ಕಥೆಯಿದೆ. ಗೋಡೆಯ ಅಭೇದ್ಯತೆಯ ಕಲ್ಪನೆ ಎಷ್ಟು ಹಳೆಯದು ಎಂಬುದನ್ನು ಆ ಕಥೆ ಸೂಚಿಸುತ್ತದೆ. ಹೀಗೆ, ಇಂದು ಸತ್ಪುರುಷರನ್ನು ಸೂಚಿಸುವ ಪದ ಒಂದು ಕಾಲಕ್ಕೆ ಊರ ಗೋಡೆಗೂ ಅಗಸೆಬಾಗಿಲಿಗೂ ಅನ್ವಯವಾಗುತ್ತಿತ್ತು.

ರೋಮ್ ಗಣರಾಜ್ಯದಲ್ಲಿ ಸಾಮಾನ್ಯ ಪ್ರಜೆಗಳ ಪರವಾಗಿ ಆಯ್ಕೆಯಾಗುತ್ತಿದ್ದ 'ಟ್ರಿಬ್ಯೂನ್' ಎಂಬ ಅಧಿಕಾರಿಗಳನ್ನು 'ಸಾಕ್ರೋಸಾಂಕ್ಟುಸ್' ಎಂದು ಕರೆಯಲಾಗುತ್ತಿತ್ತು. ಅವರ ಮೈಮೇಲೆ ಕೈಮಾಡಿದವನು ಧರ್ಮದಂಡನೆಗೆ ಗುರಿಯಾಗುತ್ತಿದ್ದನು. ಇಲ್ಲಿಯೂ ಪದದ ಅರ್ಥ ಸದ್ಗುಣಕ್ಕೆ ಸಂಬಂಧಿಸಿದ್ದಲ್ಲ, ರಕ್ಷಣೆಗೆ ಸಂಬಂಧಿಸಿದ್ದು. ಕಾಲಕ್ರಮದಲ್ಲಿ ನಿಷ್ಕಳಂಕ ನಡತೆಯವನು, ಮಾತಿಗೆ ತಪ್ಪದವನು ಎಂಬ ನೈತಿಕ ಅರ್ಥವೂ ಇದಕ್ಕೆ ಸೇರಿತು.

ಪದದ ಹುಟ್ಟಿನ ಬಗ್ಗೆ ರೋಮನ್ನರಿಗೂ ಕುತೂಹಲವಿತ್ತು. ಕ್ರಿ.ಶ. 533ರಲ್ಲಿ ಚಕ್ರವರ್ತಿ ಜಸ್ಟಿನಿಯನ್ನನ ಆಜ್ಞೆಯಂತೆ ಪ್ರಕಟವಾದ 'ಡೈಜೆಸ್ಟ್' ಎಂಬ ನ್ಯಾಯಸಂಗ್ರಹದಲ್ಲಿ, ರೋಮನ್ ರಾಯಭಾರಿಗಳು ತಮ್ಮ ಮೇಲೆ ಯಾರೂ ಕೈಮಾಡದಿರಲೆಂದು ಹಿಡಿದೊಯ್ಯುತ್ತಿದ್ದ 'ಸಾಗ್ಮಿನಾ' ಎಂಬ ಪವಿತ್ರ ಗಿಡಮೂಲಿಕೆಯಿಂದ ಈ ಪದ ಬಂದಿತೆಂಬ ವಿವರಣೆ ಇದೆ. ಇಂದಿನ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಎರಡೂ ಪದಗಳು ಒಂದೇ ಧಾತುವಿನ ಸೋದರ ಪದಗಳಿರಬೇಕೆಂದು ಭಾವಿಸಲಾಗಿದೆ.

ಕ್ರೈಸ್ತ ಅರ್ಥದ ಬೆಳವಣಿಗೆ

ಬೈಬಲ್ಲಿನ ಹಳೆಯ ಒಡಂಬಡಿಕೆಯ ಮೂಲಭಾಷೆಯಾದ ಹೀಬ್ರೂವಿನಲ್ಲಿ ಪವಿತ್ರ ಎಂಬುದಕ್ಕೆ 'ಕಾದೋಶ್' ಎಂಬ ಪದವೂ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ 'ಹಾಗಿಯೋಸ್' ಎಂಬ ಪದವೂ ಇವೆ. ಕ್ರಿ.ಶ. 4ನೆಯ ಶತಮಾನದ ಕೊನೆಯಲ್ಲಿ ಜೆರೋಮ್ ಎಂಬ ವಿದ್ವಾಂಸನು ಬೈಬಲ್ಲಿನ ಲ್ಯಾಟಿನ್ ಅನುವಾದವನ್ನು ಕೈಗೊಂಡನು. 'ವಲ್ಗೇಟ್' ಎಂದು ಹೆಸರಾದ ಆ ಅನುವಾದದಲ್ಲಿ ಈ ಪದಗಳಿಗೆ ಹೆಚ್ಚಾಗಿ 'ಸಾಂಕ್ಟುಸ್' ಎಂಬುದನ್ನೇ ಬಳಸಲಾಗಿದೆ. ಹೀಗೆ ರೋಮನ್ ಕಾನೂನಿನ ಪದವೊಂದು ಕ್ರೈಸ್ತ ಧರ್ಮದ ಪದವಾಗಿ ನೆಲೆಗೊಂಡಿತು.

ಆರಂಭದ ಕ್ರೈಸ್ತರಲ್ಲಿ ಈ ಪದ ಕೆಲವೇ ವ್ಯಕ್ತಿಗಳಿಗೆ ಮೀಸಲಾಗಿರಲಿಲ್ಲ. ಪೌಲನು ತನ್ನ ಪತ್ರಗಳಲ್ಲಿ ಒಂದೊಂದು ಊರಿನ ವಿಶ್ವಾಸಿಗಳೆಲ್ಲರನ್ನೂ ಇದೇ ಪದದಿಂದ ಸಂಬೋಧಿಸುತ್ತಾನೆ. ಮುಂದೆ ಧರ್ಮಕ್ಕಾಗಿ ಪ್ರಾಣ ಕೊಟ್ಟವರ ಸಮಾಧಿಗಳ ಬಳಿ ವಾರ್ಷಿಕ ಸ್ಮರಣೆ ನಡೆಯತೊಡಗಿದಂತೆ ಪದದ ವ್ಯಾಪ್ತಿ ಕುಗ್ಗಿ, ವಿಶೇಷ ಗೌರವಕ್ಕೆ ಪಾತ್ರರಾದ ಮೃತರಿಗೆ ಮಾತ್ರ ಅನ್ವಯವಾಗತೊಡಗಿತು.

ಮೊದಮೊದಲು ಆಯಾ ಪ್ರದೇಶದ ಜನರ ಭಕ್ತಿ ಮತ್ತು ಅಲ್ಲಿನ ಬಿಷಪ್ಪರ ಒಪ್ಪಿಗೆಯೇ ಇದಕ್ಕೆ ಸಾಕಾಗಿತ್ತು. ಪೋಪ್ ನಡೆಸಿದ ಘೋಷಣೆಗಳಲ್ಲಿ ದಾಖಲೆಯಿರುವ ಮೊದಲನೆಯದು ಕ್ರಿ.ಶ. 993ರಲ್ಲಿ ಆಗ್ಸ್‌ಬರ್ಗಿನ ಉಲ್ರಿಚ್ ಎಂಬ ಬಿಷಪ್ಪನಿಗೆ ಸಂಬಂಧಿಸಿದ್ದು. 1234ರಲ್ಲಿ ಒಂಬತ್ತನೆಯ ಗ್ರೆಗರಿ ಹೊರಡಿಸಿದ ಧರ್ಮಶಾಸನ ಸಂಗ್ರಹದಲ್ಲಿ ಈ ಅಧಿಕಾರ ಪೋಪ್ ಒಬ್ಬರಿಗೇ ಮೀಸಲಾಯಿತು. 1588ರಲ್ಲಿ ಇದರ ವಿಚಾರಣೆಗಾಗಿ ಪ್ರತ್ಯೇಕ ಇಲಾಖೆ ಸ್ಥಾಪನೆಯಾಯಿತು. ಈಗಿನ ನಿಯಮಗಳು 1983ರಲ್ಲಿ ಎರಡನೆಯ ಜಾನ್ ಪಾಲ್ ಜಾರಿಗೆ ತಂದ ಸುಧಾರಣೆಯನ್ನು ಅನುಸರಿಸುತ್ತವೆ.

ಈ ನಿಯಮಗಳಂತೆ ವ್ಯಕ್ತಿಯ ಮರಣದ ನಂತರ ಸಾಮಾನ್ಯವಾಗಿ 5 ವರ್ಷ ಕಳೆದ ಮೇಲೆ ವಿಚಾರಣೆ ಆರಂಭವಾಗುತ್ತದೆ. ದೇವರ ಸೇವಕ, ಪೂಜ್ಯ, ಧನ್ಯ ಎಂಬ ಅರ್ಥದ ಮೂರು ಮೆಟ್ಟಿಲುಗಳನ್ನು ದಾಟಿದ ಬಳಿಕ ಸೇಂಟ್ ಎಂಬ ಘೋಷಣೆ ಆಗುತ್ತದೆ. ಅವರ ಬೇಡಿಕೆಯಿಂದ ನಡೆದುದೆಂದು ಪರೀಕ್ಷಿಸಿ ಒಪ್ಪಲಾದ ಪವಾಡಗಳು ಇದಕ್ಕೆ ಬೇಕಾಗುತ್ತವೆ. ಭಾರತದವರಲ್ಲಿ ಕೇರಳದ ಅಲ್ಫೋನ್ಸಾ ಅವರನ್ನು 2008ರಲ್ಲಿ, ಕೋಲ್ಕತ್ತದಲ್ಲಿ ಸೇವೆ ಸಲ್ಲಿಸಿದ ಮದರ್ ತೆರೇಸಾ ಅವರನ್ನು 2016ರಲ್ಲಿ, 18ನೆಯ ಶತಮಾನದ ದೇವಸಹಾಯಂ ಪಿಳ್ಳೈ ಅವರನ್ನು 2022ರಲ್ಲಿ ಹೀಗೆ ಘೋಷಿಸಲಾಯಿತು. ಪ್ರೊಟೆಸ್ಟಂಟ್ ಪಂಗಡಗಳಲ್ಲಿ ಹಲವು ಈ ಪದ್ಧತಿಯನ್ನು ಒಪ್ಪದೆ, ಪೌಲನ ಪತ್ರಗಳಲ್ಲಿರುವಂತೆ ಎಲ್ಲ ವಿಶ್ವಾಸಿಗಳಿಗೂ ಪದವನ್ನು ಅನ್ವಯಿಸುತ್ತವೆ.

ಇಂಗ್ಲಿಷಿಗೆ ಬಂದ ಬಗೆ

ಹಳೆಯ ಇಂಗ್ಲಿಷಿನಲ್ಲಿ ಸತ್ಪುರುಷರಿಗೆ 'ಹಾಲ್ಗಾ' ಎಂಬ ಜರ್ಮಾನಿಕ್ ಮೂಲದ ದೇಶೀಯ ಪದವಿತ್ತು. ಇದು 'ಹೋಲಿ' ಎಂಬ ಪದದ ಸಂಬಂಧಿ. ಲ್ಯಾಟಿನ್ನಿನಿಂದ ನೇರವಾಗಿ ಪಡೆದ 'ಸಾಂಕ್ಟ್' ಎಂಬ ರೂಪವೂ ಬಳಕೆಯಲ್ಲಿತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಡಳಿತ ಮತ್ತು ಚರ್ಚುಗಳಲ್ಲಿ ಫ್ರೆಂಚ್ ಭಾಷೆಯ ಪ್ರಭಾವ ಹೆಚ್ಚಿತು. ಲ್ಯಾಟಿನ್ನಿನ 'ಸಾಂಕ್ಟುಸ್' ಹಳೆಯ ಫ್ರೆಂಚಿನಲ್ಲಿ ನಡುವಿನ 'ಕ' ಧ್ವನಿಯನ್ನು ಕಳೆದುಕೊಂಡು 'ಸೈಂಟ್', 'ಸೇಂಟ್' ಎಂಬ ರೂಪಗಳನ್ನು ತಾಳಿತ್ತು. ಈ ರೂಪವೇ ಇಂಗ್ಲಿಷಿನಲ್ಲಿ ಬೇರೂರಿ ಹಳೆಯ ಪದಗಳನ್ನು ಹಿಂದಕ್ಕೆ ಸರಿಸಿತು.

ದೇಶೀಯ ಪದವು ಪೂರ್ಣವಾಗಿ ಅಳಿಯಲಿಲ್ಲ. ಕನ್ನಡಿಗರಿಗೆ ರಾಜ್ಯೋತ್ಸವದ ದಿನವಾದ ನವೆಂಬರ್ 1, ಪಾಶ್ಚಾತ್ಯ ಕ್ರೈಸ್ತರಿಗೆ ಸಕಲ ಸಂತರ ದಿನ. ಅದರ ಹಿಂದಿನ ಸಂಜೆಯ 'ಹ್ಯಾಲೋವೀನ್' ಎಂಬ ಹೆಸರಿನಲ್ಲಿ 'ಹಾಲ್ಗಾ' ಪದದ ವಂಶಜ ಇಂದಿಗೂ ಉಳಿದಿದೆ.

ಸಂಬಂಧಿತ ಪದಗಳು

ಲ್ಯಾಟಿನ್ನಿನ ಇದೇ ಪದಕುಟುಂಬದಿಂದ ಬಂದು ಕನ್ನಡಿಗರ ಬಳಕೆಯಲ್ಲಿ ಅಥವಾ ಪರಿಚಯದಲ್ಲಿ ಇರುವ ಕೆಲವು ಪದಗಳು ಹೀಗಿವೆ.

ಸ್ಯಾಂಕ್ಷನ್: 'ಸಾಂಕೀರೆ' ಕ್ರಿಯಾಪದದಿಂದ ಬಂದ ನಾಮಪದ. ಕಾನೂನಿನ ಕಟ್ಟಳೆ, ಅದನ್ನು ಮುರಿದವರಿಗೆ ವಿಧಿಸುವ ದಂಡನೆ ಎಂಬುದು ಮೂಲಾರ್ಥ. ಮುಂದೆ ಅಧಿಕೃತ ಮಂಜೂರಾತಿ ಎಂಬ ಅರ್ಥವೂ ಬಂದಿತು. ಇಂಡಿ ಅಥವಾ ಸಿಂದಗಿಯ ಬ್ಯಾಂಕಿನಲ್ಲಿ ರೈತರು ಸಾಲ ಸ್ಯಾಂಕ್ಷನ್ ಆಯಿತು ಎನ್ನುವಾಗ ಬಳಸುವ ಪದವೂ, ಒಂದು ದೇಶದ ಮೇಲೆ ಇನ್ನೊಂದು ದೇಶ ಹೇರುವ ನಿರ್ಬಂಧವನ್ನು ಸೂಚಿಸುವ ಪದವೂ ಇದೇ. ಅನುಮತಿ ಮತ್ತು ದಂಡನೆ ಎಂಬ ಎರಡು ವಿರುದ್ಧ ಅರ್ಥಗಳು ಒಂದೇ ಪದಕ್ಕೆ ಇರುವುದು ಈ ಕಾರಣದಿಂದ.

ಸ್ಯಾಂಕ್ಚುವರಿ: ಮೊದಲು ದೇವಾಲಯದ ಪವಿತ್ರ ಭಾಗ, ಬಳಿಕ ಅಲ್ಲಿ ಓಡಿಬಂದವರಿಗೆ ದೊರೆಯುತ್ತಿದ್ದ ಆಶ್ರಯ, ಈಗ ಪ್ರಾಣಿಪಕ್ಷಿಗಳ ಅಭಯಾರಣ್ಯ. ಕೈಮಾಡಬಾರದ ಸ್ಥಳ ಎಂಬ ರೋಮನ್ ಅರ್ಥ ಇಲ್ಲಿ ಸ್ಪಷ್ಟವಾಗಿ ಉಳಿದಿದೆ.

ಸ್ಯಾಕ್ರಿಫೈಸ್: 'ಸಾಕೆರ್' ಮತ್ತು ಮಾಡು ಎಂಬ ಅರ್ಥದ ಕ್ರಿಯಾಪದ ಸೇರಿ ಆದ ಪದ. ಪವಿತ್ರವನ್ನಾಗಿ ಮಾಡು ಎಂಬುದು ಅಕ್ಷರಾರ್ಥ.

ಸ್ಯಾಕ್ರಮ್: ಬೆನ್ನೆಲುಬಿನ ಕೆಳಭಾಗದಲ್ಲಿರುವ ತ್ರಿಕೋನಾಕಾರದ ಮೂಳೆ. ಪವಿತ್ರ ಮೂಳೆ ಎಂಬ ಅರ್ಥದ ಲ್ಯಾಟಿನ್ ಹೆಸರಿನಿಂದ ಬಂದದ್ದು.

ಸಾಂಟಾ, ಸ್ಯಾನ್, ಸಾವೊ: ಸ್ಪ್ಯಾನಿಷ್, ಇಟಾಲಿಯನ್, ಪೋರ್ಚುಗೀಸ್ ಭಾಷೆಗಳಲ್ಲಿ ಇದೇ ಪದದ ರೂಪಗಳು. ಸ್ಯಾನ್ ಫ್ರಾನ್ಸಿಸ್ಕೊ, ಸಾವೊ ಪಾವ್ಲೊ ಮೊದಲಾದ ಊರುಗಳ ಹೆಸರಿನಲ್ಲಿ ಇವು ಕಾಣುತ್ತವೆ. ಸಾಂಟಾ ಕ್ಲಾಸ್ ಎಂಬ ಹೆಸರು ಸಂತ ನಿಕೊಲಸನ ಡಚ್ ಹೆಸರಾದ 'ಸಿಂಟರ್‌ಕ್ಲಾಸ್' ಎಂಬುದರಿಂದ ಬಂದಿದೆ. ಚೆನ್ನೈಯ ಸ್ಯಾಂಥೋಮ್ ಎಂಬ ಬಡಾವಣೆಯ ಹೆಸರು ಪೋರ್ಚುಗೀಸರು ಸಂತ ತೋಮನಿಗೆ ಬಳಸುತ್ತಿದ್ದ 'ಸಾವೊ ತೊಮೆ' ಎಂಬ ರೂಪದಿಂದ ಬಂದಿದೆ. ಉಡುಪಿ ಜಿಲ್ಲೆಯ ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪಕ್ಕೆ ಆ ಹೆಸರು 1498ರಲ್ಲಿ ವಾಸ್ಕೋ ಡ ಗಾಮನಿಂದ ಬಂದಿತೆಂಬ ಪ್ರತೀತಿ ಇದೆ.

'ಸಂತ' ಪದದ ಮೂಲ

ಸಂಸ್ಕೃತದಲ್ಲಿ 'ಅಸ್' ಎಂಬ ಧಾತುವಿಗೆ ಇರು ಎಂದು ಅರ್ಥ. ಇದರ ವರ್ತಮಾನ ಕೃದಂತ 'ಸತ್'. ಪುಲ್ಲಿಂಗದಲ್ಲಿ ಇದರ ಪ್ರಥಮಾ ವಿಭಕ್ತಿಯ ರೂಪಗಳು ಸನ್, ಸಂತೌ, ಸಂತಃ ಎಂದಾಗುತ್ತವೆ. ಇರುವವರು, ನಿಜವಾದವರು, ಒಳ್ಳೆಯವರು ಎಂಬ ಅರ್ಥದ 'ಸಂತಃ' ಎಂಬ ಬಹುವಚನ ರೂಪದಿಂದ ಹಿಂದಿ, ಮರಾಠಿ ಮೊದಲಾದ ಭಾಷೆಗಳ 'ಸಂತ' ಪದ ಬಂದಿದೆ. ಸತ್ಯ, ಸಜ್ಜನ, ಸತ್ಸಂಗ, ಸತಿ ಎಂಬ ಪದಗಳು ಇದೇ ಮೂಲದವು.

ಮರಾಠಿಯಲ್ಲಿ ಜ್ಞಾನೇಶ್ವರ, ನಾಮದೇವ, ಏಕನಾಥ, ತುಕಾರಾಮ ಮೊದಲಾದ ವಾರಕರಿ ಪರಂಪರೆಯ ಭಕ್ತರಿಗೆ 'ಸಂತ' ಎಂಬುದು ರೂಢಿಯ ಬಿರುದು. ಸೊಲ್ಲಾಪುರ ಜಿಲ್ಲೆಗೆ ಅಂಟಿಕೊಂಡಿರುವ ಇಂಡಿ ಭಾಗದ ಜನರಿಗೆ ಪಂಢರಪುರದ ಯಾತ್ರೆಯ ಮೂಲಕ ಈ ಬಿರುದು ಚೆನ್ನಾಗಿ ಪರಿಚಿತ. ಕನ್ನಡದಲ್ಲಿ ಶಿಶುನಾಳ ಶರೀಫರ ಹೆಸರಿನ ಹಿಂದೆ ಈ ಪದ ಬಹುತೇಕ ಕಾಯಂ ಆಗಿದೆ. 1990ರಲ್ಲಿ ಟಿ. ಎಸ್. ನಾಗಾಭರಣ ನಿರ್ದೇಶಿಸಿದ 'ಸಂತ ಶಿಶುನಾಳ ಶರೀಫ' ಚಲನಚಿತ್ರವೂ ಅದೇ ಹೆಸರನ್ನು ಹೊಂದಿದೆ.

ಎರಡು ಪದಗಳ ನಡುವಣ ವ್ಯತ್ಯಾಸ

ಭಾಷೆಗಳ ನಂಟನ್ನು ನಿರ್ಣಯಿಸುವಾಗ ಕಿವಿಗೆ ಕೇಳುವ ಹೋಲಿಕೆಯನ್ನು ಭಾಷಾಶಾಸ್ತ್ರಜ್ಞರು ಸಾಕ್ಷ್ಯವೆಂದು ಪರಿಗಣಿಸುವುದಿಲ್ಲ. ಒಂದು ಭಾಷೆಯ ಧ್ವನಿಗೆ ಇನ್ನೊಂದು ಭಾಷೆಯಲ್ಲಿ ಯಾವ ಧ್ವನಿ ಕ್ರಮಬದ್ಧವಾಗಿ ಎದುರಾಗುತ್ತದೆ ಎಂಬುದನ್ನು ಅವರು ನೋಡುತ್ತಾರೆ. ನೂರು ಎಂಬ ಅರ್ಥದ ಸಂಸ್ಕೃತ 'ಶತಂ', ಲ್ಯಾಟಿನ್ 'ಕೆಂಟುಮ್', ಇಂಗ್ಲಿಷ್ 'ಹಂಡ್ರೆಡ್' ಕೇಳಲು ಬೇರೆಬೇರೆಯಾಗಿದ್ದರೂ ಒಂದೇ ಮೂಲದವು. 'ಸಂತ' ಮತ್ತು 'ಸೇಂಟ್' ಕೇಳಲು ಒಂದೇ ತೆರನಾಗಿದ್ದರೂ ಬೇರೆಬೇರೆ ಮೂಲದವು.

ಇದಕ್ಕೆ ಮುಖ್ಯ ಕಾರಣಗಳು ಎರಡು. ಮೊದಲನೆಯದಾಗಿ, ಲ್ಯಾಟಿನ್ ಪದದ ಧಾತುವಿನಲ್ಲಿ 'ಕ' ಧ್ವನಿ ಅವಿಭಾಜ್ಯ ಅಂಗವಾಗಿದೆ. ಸಂಸ್ಕೃತದ 'ಸಂತಃ' ರೂಪದಲ್ಲಿ ಅದಕ್ಕೆ ಎಡೆಯೇ ಇಲ್ಲ. ಎರಡೂ ಪದಗಳು ಹತ್ತಿರವಾಗಿ ಕೇಳಿಸಲು ಫ್ರೆಂಚಿನಲ್ಲಿ ಆ 'ಕ' ಲೋಪವಾದುದೇ ಕಾರಣ. ಎರಡನೆಯದಾಗಿ, 'ಸಾಂಕ್ಟುಸ್' ಎಂಬುದು ಭೂತಕೃದಂತ, 'ಸಂತಃ' ಎಂಬುದು ವರ್ತಮಾನ ಕೃದಂತ. ಮೊದಲನೆಯದರಲ್ಲಿರುವ 'ಟ' 'ಕೃತ' ಪದದ 'ತ' ಪ್ರತ್ಯಯಕ್ಕೆ ಸಮ. ಎರಡನೆಯದರಲ್ಲಿರುವ 'ತ' ವರ್ತಮಾನ ಕೃದಂತದ 'ಅಂತ್' ಪ್ರತ್ಯಯದ ಭಾಗ.

ಸಂಸ್ಕೃತದ 'ಸಂತಃ' ಪದಕ್ಕೆ ಲ್ಯಾಟಿನ್ನಿನಲ್ಲಿ ನಿಜವಾದ ಸಂಬಂಧಿಗಳು ಇವೆ. ಅವು ಶಾಲೆಯ ಹಾಜರಿ ಪುಸ್ತಕದಲ್ಲಿ ದಿನವೂ ಕಾಣಸಿಗುತ್ತವೆ. 'ಪ್ರೆಸೆಂಟ್' ಎಂಬ ಪದ ಮುಂದೆ ಎಂಬ ಅರ್ಥದ ಉಪಸರ್ಗ ಮತ್ತು ಇರುವ ಎಂಬ ಅರ್ಥದ ಕೃದಂತ ಸೇರಿ ಆದದ್ದು. ಎದುರಿಗೆ ಇರುವವನು ಎಂದು ಅದರ ಅರ್ಥ. 'ಆಬ್ಸೆಂಟ್' ಎಂದರೆ ದೂರ ಇರುವವನು. ಈ ಎರಡು ಪದಗಳ ಕೊನೆಯ 'ಸೆಂಟ್' ಭಾಗವೇ ಸಂಸ್ಕೃತದ 'ಸಂತ್' ಎಂಬುದರ ಒಡಹುಟ್ಟು. ಇಂಗ್ಲಿಷಿನಲ್ಲಿ ನಿಜ ಎಂಬ ಅರ್ಥದ ಹಳೆಯ ಪದವಾದ 'ಸೂತ್' ಕೂಡ 'ಸತ್ಯ' ಪದದ ಸಂಬಂಧಿಯಾಗಿದೆ. ಹೀಗಾಗಿ 'ಸಂತ' ಪದಕ್ಕೆ ಲ್ಯಾಟಿನ್ನಿನೊಂದಿಗೆ ನಂಟು ಇಲ್ಲವೆನ್ನುವುದು ಸರಿಯಲ್ಲ. ನಂಟು ಇರುವುದು 'ಸಾಂಕ್ಟುಸ್' ಪದದೊಂದಿಗೆ ಅಲ್ಲ.

ವಿಜಯಪುರ ಜಿಲ್ಲೆಯ ಪರಂಪರೆಗಳು ಮತ್ತು 'ಸೇಂಟ್' ಪದ

ಶರಣರು

12ನೆಯ ಶತಮಾನದ ವಚನಕಾರರನ್ನು ಇಂಗ್ಲಿಷಿನಲ್ಲಿ ಸೇಂಟ್ ಎಂದು ಕರೆಯುವುದು ರೂಢಿಯಾಗಿದೆ. ಕನ್ನಡದಲ್ಲಿ ಅವರಿಗಿರುವ ಹೆಸರು 'ಶರಣ'. ಸಂಸ್ಕೃತದಲ್ಲಿ 'ಶರಣ' ಎಂದರೆ ಆಶ್ರಯ. ಕನ್ನಡದಲ್ಲಿ ಅದು ಶಿವನಲ್ಲಿ ಆಶ್ರಯ ಪಡೆದವನು ಎಂಬ ವಿಶೇಷಾರ್ಥ ಪಡೆಯಿತು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳಲ್ಲಿ ಇದು ಐದನೆಯದು. ಅದು ಸಾಧಕನು ಬದುಕಿರುವಾಗಲೇ ಏರಬೇಕಾದ ಮೆಟ್ಟಿಲು. ಮರಣಾನಂತರ ಒಂದು ಪೀಠವು ವಿಚಾರಣೆ ನಡೆಸಿ ಕೊಡುವ ಪದವಿ ಅದಲ್ಲ. ಉತ್ತರ ಕರ್ನಾಟಕದಲ್ಲಿ 'ಶರಣು ಶರಣಾರ್ಥಿ' ಎಂಬುದು ಇಂದಿಗೂ ಪರಸ್ಪರ ವಂದನೆಯ ಮಾತಾಗಿದ್ದು, ಪದವು ಧರ್ಮಗ್ರಂಥದಿಂದ ಹೊರಬಂದು ನಿತ್ಯದ ನಡೆನುಡಿಯಲ್ಲಿ ಬೆರೆತಿದೆ.

ಈ ಪರಂಪರೆಯ ಗುರುತುಗಳು ಜಿಲ್ಲೆಯ ಹಲವೆಡೆ ಇವೆ. ಬಸವನ ಬಾಗೇವಾಡಿಯಲ್ಲಿ ಬಸವೇಶ್ವರ ದೇವಾಲಯವಿದ್ದು, ಸಮೀಪದ ಇಂಗಳೇಶ್ವರವನ್ನು ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೂರೆಂದು ಹೇಳಲಾಗುತ್ತದೆ. ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ದಂಡೆಯ ಮೇಲಿರುವ ತಂಗಡಗಿಯು ಬಸವಣ್ಣನವರ ಪತ್ನಿ ನೀಲಾಂಬಿಕೆಯ ಐಕ್ಯಸ್ಥಳವೆಂದು ಪ್ರಸಿದ್ಧವಾಗಿದೆ. ಹಡಪದ ಅಪ್ಪಣ್ಣನವರ ಹೆಸರಿನ ಮಠವೂ ಅಲ್ಲಿದೆ. ಸಿಂದಗಿ ತಾಲ್ಲೂಕಿನ ಗೋಲಗೇರಿಯ ಗೊಲ್ಲಾಳೇಶ್ವರ ದೇವಾಲಯದ ಐತಿಹ್ಯದಲ್ಲಿ ಕುರಿ ಕಾಯುವ ಗೊಲ್ಲಾಳನು ಕುರಿಯ ಹಿಕ್ಕೆಯನ್ನೇ ಲಿಂಗವೆಂದು ನಂಬಿ ಪೂಜಿಸಿದನೆಂದು ಹೇಳಲಾಗುತ್ತದೆ. ಯಾವುದು ಪವಿತ್ರ ಎಂಬುದನ್ನು ವಿಧಿ ನಿರ್ಣಯಿಸುತ್ತದೆಯೋ ಭಾವ ನಿರ್ಣಯಿಸುತ್ತದೆಯೋ ಎಂಬ ಪ್ರಶ್ನೆಗೆ ಈ ಐತಿಹ್ಯವು ರೋಮನ್ ಕಲ್ಪನೆಗೆ ವಿರುದ್ಧವಾದ ಉತ್ತರವನ್ನು ಕೊಡುತ್ತದೆ.

ವಚನಗಳ ಓಲೆಗರಿಗಳನ್ನು ಹುಡುಕಿ ಸಂಗ್ರಹಿಸಿದ ಫ. ಗು. ಹಳಕಟ್ಟಿ (1880–1964) ವಿಜಯಪುರದಲ್ಲಿ ವಕೀಲರಾಗಿ ನೆಲೆಸಿ ಈ ಕೆಲಸವನ್ನು ಮಾಡಿದರು. ಅವರ 'ವಚನಶಾಸ್ತ್ರ ಸಾರ' ಗ್ರಂಥದ ಮೊದಲ ಭಾಗ 1923ರಲ್ಲಿ ಪ್ರಕಟವಾಯಿತು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭವಾಯಿತು. ಈ ಪ್ರಕಟಣೆಗಳ ಬಳಿಕ ಶರಣ, ಶಿವಾನುಭವ, ಕಾಯಕ, ದಾಸೋಹ ಮುಂತಾದ ಪದಗಳು ಆಧುನಿಕ ಓದುಗರ ನಡುವೆ ವ್ಯಾಪಕವಾದವು. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನವರನ್ನು 'ಸಾಂಸ್ಕೃತಿಕ ನಾಯಕ' ಎಂದು ಘೋಷಿಸಿತು. ಈ ಬಿರುದು ಅವರನ್ನು ಸಮಾಜದ ನೆಲೆಯಲ್ಲಿ ಗುರುತಿಸುತ್ತದೆ. 'ಸೇಂಟ್' ಎಂಬ ಒಂದೇ ಪದವನ್ನು ಬಳಸಿದಾಗ ಮಂತ್ರಿ, ಕವಿ, ಸುಧಾರಕ ಎಂಬ ಅವರ ಇತರ ಮುಖಗಳು ಮರೆಯಾಗುವ ಸಂಭವವಿದೆ.

ಸೂಫಿಗಳು

ಆದಿಲಶಾಹಿ ಅರಸರ ರಾಜಧಾನಿಯಾಗಿದ್ದ ವಿಜಯಪುರವು ಸೂಫಿಗಳ ನೆಲೆಯೂ ಆಗಿತ್ತು. ಇತಿಹಾಸಕಾರ ರಿಚರ್ಡ್ ಈಟನ್ ಅವರು ಈ ಸೂಫಿಗಳನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥ 1978ರಲ್ಲಿ ಪ್ರಕಟವಾಯಿತು. ಇಂಗ್ಲಿಷಿನಲ್ಲಿ 'ಸೂಫಿ ಸೇಂಟ್' ಎನ್ನುವಲ್ಲಿ ಮೂಲದಲ್ಲಿ 'ವಲಿ' ಅಥವಾ 'ಪೀರ' ಎಂಬ ಪದಗಳಿವೆ. 'ವಲಿ' ಅರಬ್ಬಿ ಪದ. ಹತ್ತಿರದವನು, ಗೆಳೆಯ ಎಂದು ಅರ್ಥ. ಇದರ ಬಹುವಚನ 'ಔಲಿಯಾ'. 'ಪೀರ' ಪಾರಸಿ ಪದ. ಹಿರಿಯ, ವೃದ್ಧ ಎಂದು ಅರ್ಥ. ಈ ಭಾಗದ ಜನರು ಮಠದ ಸ್ವಾಮಿಗಳನ್ನು 'ಅಜ್ಜಾರು', 'ಮುತ್ಯಾ' ಎಂದು ಕರೆಯುವುದರಲ್ಲಿಯೂ ಹಿರಿಯ ಎಂಬ ಇದೇ ಭಾವವಿದೆ. ವಿಧಿಯಿಂದ ಸ್ಥಿರಪಡಿಸಲ್ಪಟ್ಟವನು ಎಂಬ ಲ್ಯಾಟಿನ್ ಅರ್ಥ ಈ ಯಾವ ಪದದಲ್ಲಿಯೂ ಇಲ್ಲ.

ಅನುಭಾವಿಗಳು

ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದು ಈಗ ಚಡಚಣ ತಾಲ್ಲೂಕಿನಲ್ಲಿರುವ ಹಲಸಂಗಿಯ ಕವಿ ಮಧುರಚೆನ್ನರನ್ನು (1903–1953) 'ಅನುಭಾವಿ ಕವಿ' ಎಂದು ಕರೆಯಲಾಗುತ್ತದೆ. ಅದೇ ಪ್ರದೇಶದ ಇಂಚಗೇರಿಯಲ್ಲಿ ಭಾವುಸಾಹೇಬ ಮಹಾರಾಜರ (1843–1914) ಗುರುಪರಂಪರೆ ಬೆಳೆಯಿತು. ಅವರ ಶಿಷ್ಯರಾದ ಗುರುದೇವ ರಾ. ದ. ರಾನಡೆ (1886–1957) ಜಮಖಂಡಿಯಲ್ಲಿ ಜನಿಸಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಇಂಡಿ ತಾಲ್ಲೂಕಿನ ನಿಂಬಾಳದಲ್ಲಿ ಆಶ್ರಮ ಕಟ್ಟಿಕೊಂಡು ಅಲ್ಲಿಯೇ ದೇಹತ್ಯಾಗ ಮಾಡಿದರು. ಮಹಾರಾಷ್ಟ್ರದ ಅನುಭಾವವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1933ರಲ್ಲಿ ಪ್ರಕಟವಾಯಿತು. ಮರಾಠಿಯ 'ಸಂತ' ಎಂಬುದಕ್ಕೆ ಇಂಗ್ಲಿಷಿನಲ್ಲಿ 'ಸೇಂಟ್' ಎಂಬ ಪದ ಬಳಸುವ ರೂಢಿಯನ್ನು ಆ ಗ್ರಂಥದಲ್ಲಿಯೂ ಕಾಣಬಹುದು. ಉಚ್ಚಾರಣೆಯ ಸಾಮ್ಯ ಈ ರೂಢಿಯನ್ನು ಸುಲಭಗೊಳಿಸಿತು.

ಕನ್ನಡ ಕ್ರೈಸ್ತರ ಬಳಕೆ

ಕನ್ನಡ ಕಥೋಲಿಕರು ಸೇಂಟ್ ಎಂಬುದಕ್ಕೆ 'ಸಂತ' ಪದವನ್ನೇ ಬಳಸುತ್ತಾರೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು (ಸ್ಥಾಪನೆ 1880), ಮೈಸೂರಿನ ಸಂತ ಫಿಲೋಮಿನಾ ಚರ್ಚು, ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕಾ ಇದಕ್ಕೆ ನಿದರ್ಶನಗಳು. ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ 'ಸಾಂತ್' ಎಂಬ ಪದವಿದೆ. ಅದು ಪೋರ್ಚುಗೀಸರ 'ಸಾಂತೊ' ಎಂಬುದರಿಂದ ಬಂದುದರಿಂದ ಲ್ಯಾಟಿನ್ನಿನ ವಂಶಜ. ಹೀಗೆ ಒಂದೇ ಊರಿನ ಚರ್ಚಿನಲ್ಲಿ ಕನ್ನಡದ 'ಸಂತ' ಮತ್ತು ಕೊಂಕಣಿಯ 'ಸಾಂತ್' ಎಂಬ, ಕೇಳಲು ಒಂದೇ ಆಗಿದ್ದು ಹುಟ್ಟಿನಿಂದ ಬೇರೆಯಾದ ಎರಡು ಪದಗಳು ಅಕ್ಕಪಕ್ಕದಲ್ಲಿ ಬಳಕೆಯಾಗುತ್ತವೆ. ಕನ್ನಡದ ಪ್ರೊಟೆಸ್ಟಂಟ್ ಬಳಕೆಯಲ್ಲಿ, ವಿಶ್ವಾಸಿಗಳೆಲ್ಲರೂ ಎಂಬ ಅರ್ಥ ಬರುವಲ್ಲಿ, 'ದೇವಜನರು', 'ಪರಿಶುದ್ಧರು' ಎಂಬ ಪದಗಳು ಕಂಡುಬರುತ್ತವೆ.

ಸಾಮಾನ್ಯ ತಪ್ಪು ತಿಳಿವಳಿಕೆಗಳು

'ಸೇಂಟ್' ಸಂಸ್ಕೃತದ 'ಸಂತ' ಪದದಿಂದ ಬಂದಿದೆ ಎಂಬುದು ತಪ್ಪು. 'ಸಂತ' ಎಂಬುದು ಇಂಗ್ಲಿಷ್ ಪದದ ತದ್ಭವ ಎಂಬುದೂ ತಪ್ಪು. 'ಸಂತ' ಪದವು 'ಶಾಂತ' ಎಂಬುದರಿಂದ ಬಂದಿತೆಂದು ಕೆಲವೊಮ್ಮೆ ಹೇಳಲಾಗುತ್ತದೆ. 'ಶಾಂತ' ಪದದ ಧಾತು 'ಶಮ್', ಆದುದರಿಂದ ಅದೂ ಬೇರೆಯೇ.

ಕನ್ನಡ ಲಿಪಿಯಲ್ಲಿ ಬರೆದಾಗ ಇನ್ನೆರಡು ಇಂಗ್ಲಿಷ್ ಪದಗಳೂ ಇದರೊಂದಿಗೆ ಗೊಂದಲ ಉಂಟುಮಾಡುತ್ತವೆ. ಸುಗಂಧದ್ರವ್ಯವಾದ 'ಸೆಂಟ್' ಗ್ರಹಿಸು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದಲೂ, ಜಮೀನಿನ ಅಳತೆ ಹಾಗೂ ನಾಣ್ಯದ 'ಸೆಂಟ್' ನೂರು ಎಂಬ ಅರ್ಥದ 'ಕೆಂಟುಮ್' ಪದದಿಂದಲೂ ಬಂದಿವೆ. ಹಾಗೆಯೇ ಪವಿತ್ರ ಎಂಬ ಅರ್ಥದ ಇಂಗ್ಲಿಷ್ 'ಹೋಲಿ' ಪದಕ್ಕೂ ಹೋಳಿ ಹಬ್ಬದ ಹೆಸರಿಗೂ ಯಾವ ಸಂಬಂಧವೂ ಇಲ್ಲ.

ಅನುವಾದದಲ್ಲಿ ಎಚ್ಚರ

ಹುಟ್ಟು ಬೇರೆಯಾದ ಮಾತ್ರಕ್ಕೆ 'ಸೇಂಟ್' ಎಂಬುದಕ್ಕೆ 'ಸಂತ' ಎಂದು ಅನುವಾದಿಸುವುದು ತಪ್ಪಾಗುವುದಿಲ್ಲ. ಪದದ ಅರ್ಥವನ್ನು ಬಳಕೆ ನಿರ್ಣಯಿಸುತ್ತದೆ, ವ್ಯುತ್ಪತ್ತಿಯಲ್ಲ. ಆದರೆ ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಶರಣ, ದಾಸ, ವಲಿ, ಅನುಭಾವಿ ಎಂಬ ಎಲ್ಲ ಪದಗಳಿಗೂ 'ಸೇಂಟ್' ಎಂದೇ ಬರೆದರೆ, ಆಶ್ರಯ ಪಡೆದವನು, ಸೇವೆ ಮಾಡುವವನು, ಹತ್ತಿರದವನು, ಅನುಭವದಿಂದ ಅರಿತವನು ಎಂಬ ನಾಲ್ಕು ಬೇರೆಬೇರೆ ಸಂಬಂಧಗಳು ಒಂದಾಗಿಬಿಡುತ್ತವೆ. ಈ ಕಾರಣದಿಂದ ಇಂಗ್ಲಿಷ್ ಬರಹಗಳಲ್ಲಿ 'ಶರಣ', 'ವಚನ' ಮೊದಲಾದ ಪದಗಳನ್ನು ಹಾಗೆಯೇ ಉಳಿಸಿಕೊಂಡು, ಮೊದಲ ಬಳಕೆಯಲ್ಲಿ ಅರ್ಥವನ್ನು ವಿವರಿಸುವ ಪದ್ಧತಿಯೂ ಇದೆ. ಈ ವಿಷಯದ ಮೇಲೆ ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಪದದ ಮೂಲ, ಪದದ ಬಳಕೆ ಮತ್ತು ಅನುವಾದದ ಅನುಕೂಲ ಎಂಬ ಮೂರು ಸಂಗತಿಗಳನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ.